ಸರಕಾರದ ಕಡತಗಳನ್ನು ಕಾಯುವುದು ಹೇಗೆ?

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸರಕಾರದ ಗುಪ್ತ ಕಾಗದಪತ್ರಗಳು ಕೈಗೆ ಸಿಗುವಂಥ ಹುದ್ದೆಗೆ ಸೇರಬಯಸುವವನು ಮೊದಲು ತನ್ನ ಬಾಳಿನ ಕಥೆಯನ್ನೇ ಒಂದು ಅರ್ಜಿಯಲ್ಲಿ ಬರೆದುಕೊಡಬೇಕಾಗುತ್ತದೆ. ಹಿಂದೆ ಎಲ್ಲೆಲ್ಲಿ ವಾಸವಾಗಿದ್ದ, ನೆರೆಹೊರೆಯವರು ಯಾರು, ಯಾರಿಗೆ ಎಷ್ಟು ಸಾಲ ಉಳಿದಿದೆ, ಮನಸ್ಸಿನ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದುದುಂಟೆ, ಕುಡಿತದಿಂದ ತೊಂದರೆಗೆ ಸಿಕ್ಕಿದ್ದುಂಟೆ, ಪರದೇಶಗಳಲ್ಲಿ ಬಂಧುಮಿತ್ರರು ಇರುವರೆ—ಹೀಗೆ ಪ್ರಶ್ನೆಗಳು ನೂರಕ್ಕೂ ಮಿಕ್ಕ ಪುಟಗಳಲ್ಲಿ ಹಬ್ಬಿಕೊಂಡಿರುತ್ತವೆ. ಆಪ್ತರಿಗೂ ಹೇಳದ ಸಂಗತಿಗಳನ್ನು ಆತ ಸರಕಾರಕ್ಕೆ ಹೇಳುತ್ತಾನೆ. ಹೇಳಿದುದು ಅಲ್ಲಿಯೇ ಉಳಿಯುತ್ತದೆಂಬ ನಂಬಿಕೆಯೊಂದೇ ಅವನಿಗೆ ಆಧಾರ.

೨೦೧೫ನೆಯ ಇಸವಿ ಜುಲೈ ೯ರಂದು ಆ ನಂಬಿಕೆ ಒಡೆಯಿತು. ಅಂತಹ ಅರ್ಜಿಗಳನ್ನು ಕಾಯುತ್ತಿದ್ದ ಕೇಂದ್ರ ಸಿಬ್ಬಂದಿ ನಿರ್ವಹಣ ಕಚೇರಿಯು, ೨ ಕೋಟಿ ೧೫ ಲಕ್ಷ ಜನರ ವಿವರಗಳು ತನ್ನ ಗಣಕಯಂತ್ರಗಳಿಂದ ಕಳುವಾಗಿವೆಯೆಂದು ಪ್ರಕಟಿಸಿತು. ಇವರಲ್ಲಿ ಸುಮಾರು ೧೮ ಲಕ್ಷ ಜನ ಯಾವ ಹುದ್ದೆಗೂ ಅರ್ಜಿ ಹಾಕಿದವರಲ್ಲ. ಹಾಕಿದವರ ಪತಿ, ಪತ್ನಿ ಅಥವಾ ಮನೆಯ ಜೊತೆಗಾರರು. ಅದೇ ಸೆಪ್ಟೆಂಬರಿನಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು: ೫೬ ಲಕ್ಷ ಜನರ ಬೆರಳಚ್ಚುಗಳೂ ಹೋಗಿದ್ದುವು. ಗುಪ್ತಪದ ಬಯಲಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು. ಬೆರಳನ್ನು ಬದಲಿಸಿಕೊಳ್ಳುವವರು ಯಾರು?

ಒಂದು ಸರಕಾರಿ ಕಚೇರಿ ತನ್ನ ಹಳೆಯ ಯಂತ್ರಗಳನ್ನು ಹೊಸದಾಗಿಸುವುದೆಂದರೇನು, ಕ್ಲೌಡ್ ಎಂಬ ಏರ್ಪಾಡು ಯಾವುದು, ಅದರಿಂದ ಕಡತಗಳು ಎಷ್ಟರಮಟ್ಟಿಗೆ ಸುರಕ್ಷಿತವಾಗುತ್ತವೆ ಎಂಬುದನ್ನು ಈ ಘಟನೆಯ ಬೆಳಕಿನಲ್ಲಿ ನಾವು ಪರಿಶೀಲಿಸೋಣ.

ಗಣಿಯ ಕಡತ, ಗಣಕದ ಕಡತ

ಇದೇ ಕಚೇರಿಗೆ ಸೇರಿದ ಇನ್ನೊಂದು ಉಗ್ರಾಣವುಂಟು. ಪೆನ್ಸಿಲ್ವೇನಿಯ ಪ್ರಾಂತದ ಬಾಯರ್ಸ್ ಎಂಬಲ್ಲಿ, ನೆಲದಿಂದ ಸುಮಾರು ೭೦ ಮೀಟರು ಕೆಳಗೆ, ಸುಣ್ಣಕಲ್ಲಿನ ಹಳೆಯ ಗಣಿಯೊಳಗೆ, ನಿವೃತ್ತ ನೌಕರರ ಕಾಗದಗಳನ್ನು ಕಪಾಟುಗಳಲ್ಲಿ ತುಂಬಿಡಲಾಗಿತ್ತು. ೨೦೧೪ರಲ್ಲಿ ಅಲ್ಲಿ ಸುಮಾರು ೬೦೦ ಮಂದಿ ಕೆಲಸಮಾಡುತ್ತಿದ್ದರು. ಒಬ್ಬನ ನಿವೃತ್ತಿವೇತನವನ್ನು ನಿಶ್ಚಯಿಸಬೇಕಾದರೆ ಅವನ ಕಡತ ಮೇಜಿನಿಂದ ಮೇಜಿಗೆ ಕೈಯಿಂದ ಕೈಗೆ ಸಾಗಬೇಕಾಗಿತ್ತು. ಇದಕ್ಕೆ ಸರಾಸರಿ ೬೧ ದಿನಗಳು ಹಿಡಿಯುತ್ತಿದ್ದುವು. ೧೯೭೭ರಲ್ಲಿಯೂ ಅಷ್ಟೇ ದಿನಗಳು ಹಿಡಿಯುತ್ತಿದ್ದುವೆಂದರೆ, ಗಣಿಯೊಳಗೆ ಕಾಲವು ಎಷ್ಟು ಮೆಲ್ಲನೆ ನಡೆಯಿತೆಂಬುದನ್ನು ಊಹಿಸಬಹುದು.

ಈ ಗಣಿಯನ್ನು ಕಂಡು ನಕ್ಕವರು ಬಹಳ. ಆದರೆ ಒಂದು ಮಾತನ್ನು ನಾವು ಮರೆಯಬಾರದು. ಅಲ್ಲಿಂದ ಎರಡು ಕೋಟಿ ಕಡತಗಳನ್ನು ಕದಿಯಬೇಕಾದರೆ ಲಾರಿಗಳ ಸಾಲೇ ಬೇಕು; ಕದ್ದ ಮರುದಿನ ಕಪಾಟುಗಳು ಬರಿದಾಗಿರುವುದು ಕಣ್ಣಿಗೆ ಬೀಳುತ್ತದೆ. ಗಣಕಯಂತ್ರದ ಕಡತದ ರೀತಿಯೇ ಬೇರೆ. ಅಲ್ಲಿ ಕದಿಯುವುದೆಂದರೆ ಪ್ರತಿಮಾಡಿಕೊಳ್ಳುವುದು. ಮೂಲ ಇದ್ದಲ್ಲಿಯೇ ಇರುತ್ತದೆ. ತೂಕವಿಲ್ಲ, ಸದ್ದಿಲ್ಲ, ಬರಿದಾದ ಕಪಾಟೂ ಇಲ್ಲ. ಆದುದರಿಂದ ಕಾಗದವನ್ನು ಕಾಯುತ್ತಿದ್ದ ಉಪಾಯಗಳು ಇಲ್ಲಿ ಸಾಲವು.

ಹಳೆಯ ಯಂತ್ರಗಳ ಹೊರೆ

ಆ ಕಾಲಕ್ಕೆ ಅಮೆರಿಕದ ಕೇಂದ್ರ ಸರಕಾರದ ಗಣಕವ್ಯವಸ್ಥೆ ಹೇಗಿತ್ತು? ಅಲ್ಲಿನ ಶಾಸನಸಭೆಗೆ ವರದಿ ಒಪ್ಪಿಸುವ ಲೆಕ್ಕಪರಿಶೋಧನ ಕಚೇರಿ ೨೦೧೬ರಲ್ಲಿ ಇದನ್ನು ವಿವರವಾಗಿ ತಿಳಿಸಿತು. ಮಾಹಿತಿ ತಂತ್ರಜ್ಞಾನಕ್ಕಾಗಿ ಸರಕಾರ ವರ್ಷಕ್ಕೆ ೮,೦೦೦ ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತೆಗೆದಿಡುತ್ತಿತ್ತು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಇದ್ದುದನ್ನು ನಡೆಸಿಕೊಂಡುಹೋಗುವುದಕ್ಕೇ ಮುಗಿಯುತ್ತಿತ್ತು. ತೆರಿಗೆ ಇಲಾಖೆಯ ಮುಖ್ಯ ದಾಖಲೆಯ ಕ್ರಮವಿಧಿ ಸುಮಾರು ಐವತ್ತಾರು ವರ್ಷ ಹಳೆಯದು. ಪರಮಾಣು ಪಡೆಗಳಿಗೆ ಸಂಬಂಧಿಸಿದ ಒಂದು ವ್ಯವಸ್ಥೆಯಲ್ಲಿ ಎಂಟು ಅಂಗುಲದ ಫ್ಲಾಪಿ ತಟ್ಟೆಗಳು ಇನ್ನೂ ಬಳಕೆಯಲ್ಲಿದ್ದುವು. ೨೦೧೯ರಲ್ಲಿ ಅವುಗಳ ಬದಲು ಹೊಸ ಉಪಕರಣ ಬಂದಿತು.

ಸಿಬ್ಬಂದಿ ಕಚೇರಿಯ ಸ್ಥಿತಿಯೂ ಉತ್ತಮವಾಗಿರಲಿಲ್ಲ. ಅದರ ಕೆಲವು ವ್ಯವಸ್ಥೆಗಳು ೧೯೬೦ರ ಸುಮಾರಿಗೆ ಹುಟ್ಟಿದ ಕೋಬಾಲ್ ಭಾಷೆಯಲ್ಲಿ ಬರೆದವು. ೨೦೧೪ರ ನವೆಂಬರಿನಲ್ಲಿ ಅದರ ಆಂತರಿಕ ಪರಿಶೋಧಕರು ಕೊಟ್ಟ ವರದಿಯ ಪ್ರಕಾರ, ತನ್ನಲ್ಲಿ ಎಷ್ಟು ಯಂತ್ರಗಳಿವೆ ಎಂಬುದರ ಪೂರ್ಣವಾದ ಪಟ್ಟಿಯೇ ಕಚೇರಿಯ ಬಳಿ ಇರಲಿಲ್ಲ. ಮುಖ್ಯವಾದ ೪೭ ವ್ಯವಸ್ಥೆಗಳಲ್ಲಿ ೧೧ಕ್ಕೆ ಸುರಕ್ಷತೆಯ ಅನುಮತಿಪತ್ರವಿರಲಿಲ್ಲ. ಮನೆಯಲ್ಲಿ ಎಷ್ಟು ಬಾಗಿಲುಗಳಿವೆಯೆಂದು ತಿಳಿಯದ ಯಜಮಾನ ರಾತ್ರಿ ಯಾವುದಕ್ಕೆ ಅಗುಳಿ ಹಾಕಿಯಾನು?

ಕಳ್ಳರು ಒಳಬಂದ ಬಗೆ

೨೦೧೪ನೆಯ ಮಾರ್ಚ್ ತಿಂಗಳಲ್ಲಿ ಆ ಕಚೇರಿಯ ಜಾಲದೊಳಗೆ ಯಾರೋ ಹೊಕ್ಕಿರುವರೆಂಬ ಎಚ್ಚರಿಕೆ ಬಂದಿತು. ಅಧಿಕಾರಿಗಳು ಎರಡು ತಿಂಗಳು ಗುಟ್ಟಾಗಿ ಕಾದುನೋಡಿ, ಮೇ ೨೭ರಂದು ಅವರನ್ನು ಹೊರದೂಡಿದರು. ಕೆಲಸ ಮುಗಿಯಿತೆಂದು ಭಾವಿಸಿದರು. ಆದರೆ ಇಪ್ಪತ್ತು ದಿನ ಮೊದಲೇ, ಮೇ ೭ರಂದು, ಇನ್ನೊಂದು ದಾರಿಯಿಂದ ಬೇರೆ ಕಳ್ಳರು ಒಳಸೇರಿದ್ದರು. ಅವರು ಗೋಡೆ ಒಡೆಯಲಿಲ್ಲ. ಗುತ್ತಿಗೆಯ ಸಂಸ್ಥೆಯೊಂದರ ನೌಕರನಿಗೆ ಸೇರಿದ ಹೆಸರನ್ನೂ ಗುಪ್ತಪದವನ್ನೂ ಬಳಸಿ ನೇರವಾಗಿ ಬಾಗಿಲಿನಿಂದಲೇ ಬಂದರು. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಆ ಉದ್ದನೆಯ ಅರ್ಜಿಗಳ ವಿವರಗಳು ಹೊರಸಾಗಿದುವು. ಇದು ಪತ್ತೆಯಾದುದು ೨೦೧೫ರ ಏಪ್ರಿಲಿನಲ್ಲಿ. ಸರಿಸುಮಾರು ಒಂದು ವರ್ಷ ಕಳ್ಳರು ಮನೆಯವರಂತೆ ಓಡಾಡಿಕೊಂಡಿದ್ದರು. ಅಮೆರಿಕದ ಅಧಿಕಾರಿಗಳು ಚೀನದ ಕಡೆಗೆ ಬೆರಳು ತೋರಿದರು. ಚೀನ ಸರಕಾರ ಅದನ್ನು ಒಪ್ಪಲಿಲ್ಲ. ಪ್ರಕಟಣೆಯ ಮರುದಿನ ಕಚೇರಿಯ ಮುಖ್ಯಸ್ಥೆ ರಾಜೀನಾಮೆಯಿತ್ತರು.

ಇಲ್ಲಿ ವಾಚಕರು ಒಂದು ಪ್ರಶ್ನೆ ಕೇಳಬಹುದು. ಕಡತಗಳನ್ನು ಸಂಕೇತಲಿಪಿಗೆ ತಿರುಗಿಸಿ ಇಟ್ಟಿದ್ದರೆ ಕಳ್ಳರಿಗೆ ಏನೂ ತಿಳಿಯುತ್ತಿರಲಿಲ್ಲವಲ್ಲ? ಈ ಪ್ರಶ್ನೆ ಶಾಸನಸಭೆಯ ವಿಚಾರಣೆಯಲ್ಲಿಯೂ ಬಂದಿತು. ಕಚೇರಿಯ ಯಂತ್ರಗಳು ಬಹಳ ಹಳೆಯವಾದುದರಿಂದ ಅವುಗಳ ಮೇಲೆ ಸಂಕೇತೀಕರಣ ಸಾಧ್ಯವಾಗಲಿಲ್ಲ ಎಂಬ ಉತ್ತರ ದೊರೆಯಿತು. ಆದರೆ ಸುರಕ್ಷತಾ ಅಧಿಕಾರಿಯೊಬ್ಬರು ಅದಕ್ಕೂ ಮುಖ್ಯವಾದ ಮಾತೊಂದನ್ನು ಸೇರಿಸಿದರು: ಈ ಪ್ರಸಂಗದಲ್ಲಿ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ. ಕಾರಣ ಸ್ಪಷ್ಟವಾಗಿದೆ. ಪೆಟ್ಟಿಗೆಗೆ ಎಂತಹ ಬೀಗವನ್ನೇ ಹಾಕಿರಿ, ಯಜಮಾನ ಬಂದು ಕೇಳಿದಾಗ ಅದು ತೆರೆಯಲೇಬೇಕು. ಕಳ್ಳನು ಯಜಮಾನನ ವೇಷದಲ್ಲಿ ಬಂದರೆ ಯಂತ್ರವು ತಾನಾಗಿ ಸಂಕೇತವನ್ನು ಬಿಡಿಸಿ ಅವನ ಕೈಗೆ ಕೊಡುತ್ತದೆ. ಆದುದರಿಂದ ಬೀಗಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ, ಬಂದಿರುವವನು ನಿಜವಾಗಿ ಯಾರು?

ಗುರುತು ಹಿಡಿಯುವ ಗಣಿತ

ಗುಪ್ತಪದದ ದೋಷವೇನೆಂದರೆ, ಅದನ್ನು ತೋರಿಸಬೇಕಾದರೆ ಹೇಳಲೇಬೇಕು. ಹೇಳಿದೊಡನೆ ಕೇಳಿದವನಿಗೂ ಅದು ತಿಳಿದುಬಿಡುತ್ತದೆ. ಗುಟ್ಟನ್ನು ಹೇಳದೆಯೇ ಗುಟ್ಟು ತನ್ನಲ್ಲಿದೆಯೆಂದು ಸಿದ್ಧಪಡಿಸಲು ಸಾಧ್ಯವೆ? ಸಾಧ್ಯ. ಒಂದು ಚಿಕ್ಕ ಲೆಕ್ಕದಿಂದ ಇದನ್ನು ತೋರಿಸುವೆವು.

೩ ಮತ್ತು ೧೧ ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ ೩೩ ಬರುತ್ತದೆ. ನೌಕರನ ಬಳಿಯ ಕಾರ್ಡಿನೊಳಗೆ ೭ ಎಂಬ ಗುಟ್ಟಿನ ಸಂಖ್ಯೆಯನ್ನು ಹುದುಗಿಸಿದೆಯೆಂದು ಭಾವಿಸೋಣ. ೩೩ ಹಾಗೂ ೩ ಎಂಬ ಬಹಿರಂಗ ಸಂಖ್ಯೆಗಳು ಎಲ್ಲರಿಗೂ ತಿಳಿದಿರಲಿ. ನೌಕರನು ಬಾಗಿಲಿಗೆ ಬಂದಾಗ ಕಾವಲಿನ ಯಂತ್ರವು ತೋಚಿದ ಒಂದು ಸಂಖ್ಯೆಯನ್ನು, ಹೇಳೋಣ, ೪ನ್ನು ಅವನ ಮುಂದಿಡುತ್ತದೆ. ಕಾರ್ಡು ಏಳು ನಾಲ್ಕುಗಳನ್ನು ಒಂದರೊಡನೊಂದು ಗುಣಿಸುತ್ತದೆ, ೧೬,೩೮೪ ಬರುತ್ತದೆ. ಅದನ್ನು ೩೩ರಿಂದ ಭಾಗಿಸಿದರೆ ಶೇಷ ೧೬. ಈ ೧೬ನ್ನು ಮಾತ್ರ ಅದು ಉತ್ತರವಾಗಿ ಕಳುಹಿಸುತ್ತದೆ. ಕಾವಲಿನ ಯಂತ್ರವು ಬಹಿರಂಗ ಸಂಖ್ಯೆಯಾದ ೩ನ್ನು ಬಳಸಿ, ಮೂರು ಹದಿನಾರುಗಳನ್ನು ಗುಣಿಸುತ್ತದೆ, ೪,೦೯೬ ಬರುತ್ತದೆ. ೩೩ರಿಂದ ಭಾಗಿಸಿದರೆ ಶೇಷ ೪. ತಾನು ಕೊಟ್ಟ ಸಂಖ್ಯೆಯೇ ಹಿಂತಿರುಗಿತು! ೭ ಎಂಬ ಗುಟ್ಟು ಕಾರ್ಡಿನಿಂದ ಹೊರಬೀಳಲೇ ಇಲ್ಲ. ಆದರೂ ಅದು ಅಲ್ಲಿದೆಯೆಂಬುದು ಸ್ಥಿರಪಟ್ಟಿತು. ದಾರಿಯಲ್ಲಿ ಕದ್ದು ಕೇಳಿದವನಿಗೆ ೧೬ ಎಂಬುದು ಸಿಕ್ಕಿದರೂ ನಾಳೆ ಅದು ಕೆಲಸಕ್ಕೆ ಬಾರದು. ನಾಳೆಯ ಪ್ರಶ್ನೆ ೪ ಆಗಿರುವುದಿಲ್ಲ.

ನಮ್ಮ ಲೆಕ್ಕದಲ್ಲಿ ೩೩ನ್ನು ನೋಡಿದೊಡನೆ ಅದರ ಅಪವರ್ತನಗಳನ್ನು ಹೇಳಿಬಿಡಬಹುದು. ಅವು ತಿಳಿದರೆ ಗುಟ್ಟಿನ ೭ನ್ನು ಲೆಕ್ಕಹಾಕುವುದೂ ಸುಲಭ. ನಿಜವಾದ ಕಾರ್ಡುಗಳಲ್ಲಿ ಇದರ ಸ್ಥಾನದಲ್ಲಿ ಆರುನೂರಕ್ಕೂ ಹೆಚ್ಚು ಅಂಕೆಗಳುಳ್ಳ ಸಂಖ್ಯೆಯಿರುತ್ತದೆ. ಅಂತಹುದನ್ನು ಇಂದಿನ ಗಣಕಗಳಿಂದ ಅಪವರ್ತಿಸುವುದು ಕಾರ್ಯತಃ ಅಸಾಧ್ಯ.

ಅಮೆರಿಕದ ಕೇಂದ್ರ ನೌಕರರಿಗೆ ಇಂತಹ ಕಾರ್ಡುಗಳನ್ನು ಕೊಡಬೇಕೆಂಬ ಆಜ್ಞೆ ೨೦೦೪ರಲ್ಲಿಯೇ ಹೊರಟಿತ್ತು. ಆದರೂ ಮೇಲೆ ಹೇಳಿದ ಪರಿಶೋಧಕರು ನೋಡಿದಾಗ, ಸಿಬ್ಬಂದಿ ಕಚೇರಿಯ ೪೭ ಮುಖ್ಯ ವ್ಯವಸ್ಥೆಗಳಲ್ಲಿ ಒಂದಾದರೂ ಆ ಕಾರ್ಡನ್ನು ಕೇಳುತ್ತಿರಲಿಲ್ಲ. ವಿದ್ಯೆ ಇತ್ತು, ಉಪಕರಣವಿತ್ತು, ಆಜ್ಞೆಯೂ ಇತ್ತು. ಬಾಗಿಲಿನಲ್ಲಿ ಕೇಳುವವರು ಇರಲಿಲ್ಲ.

ಪ್ರತಿಯೊಂದು ಬಾಗಿಲಿನಲ್ಲಿಯೂ ಪ್ರಶ್ನೆ

ಹಳೆಯ ಕಾಲದ ಜಾಲಗಳನ್ನು ಕೋಟೆಯ ಮಾದರಿಯಲ್ಲಿ ಕಟ್ಟುತ್ತಿದ್ದರು. ಹೊರಗೆ ದಪ್ಪನೆಯ ಗೋಡೆ, ಒಂದು ಹೆಬ್ಬಾಗಿಲು. ಹೆಬ್ಬಾಗಿಲು ದಾಟಿದವನನ್ನು ಒಳಗೆ ಯಾರೂ ತಡೆಯುತ್ತಿರಲಿಲ್ಲ. ಒಬ್ಬ ಮೋಸಗಾರ ನುಸುಳಿದರೆ ಬೊಕ್ಕಸದವರೆಗೂ ನಡೆದುಹೋಗಬಹುದಾಗಿತ್ತು. ಈಗ ತಜ್ಞರು ಒಪ್ಪಿರುವ ತತ್ತ್ವಕ್ಕೆ 'ಶೂನ್ಯ ವಿಶ್ವಾಸ' ಎಂದು ಹೆಸರು. ಅಮೆರಿಕದ ಮಾನಕ ಸಂಸ್ಥೆ ೨೦೨೦ರ ಆಗಸ್ಟಿನಲ್ಲಿ ಇದನ್ನು ಕ್ರಮಬದ್ಧವಾಗಿ ನಿರೂಪಿಸಿತು. ಹೆಸರು ಕಠೋರವಾಗಿದ್ದರೂ ಅರ್ಥ ಸರಳವಾಗಿದೆ: ಒಳಗಿರುವನೆಂಬ ಕಾರಣಕ್ಕೆ ಯಾರನ್ನೂ ನಂಬಬಾರದು.

ತಾಲ್ಲೂಕು ಕಚೇರಿಯ ದಾಖಲೆಗಳ ಕೊಠಡಿಯನ್ನು ನೆನೆಯಿರಿ. ಕಚೇರಿಯ ಗುಮಾಸ್ತನಾದ ಮಾತ್ರಕ್ಕೆ ಅವನಿಗೆ ಎಲ್ಲ ಕಪಾಟುಗಳ ಬೀಗದ ಕೈಯನ್ನೂ ಕೊಡಲಾಗದು. ತನಗೆ ಒಪ್ಪಿಸಿದ ಹಳ್ಳಿಯ ಕಡತವನ್ನು ಮಾತ್ರ ಅವನು ಪಡೆಯಬೇಕು. ಪಡೆಯುವಾಗ ಪುಸ್ತಕದಲ್ಲಿ ಸಹಿ ಹಾಕಬೇಕು. ಹಳ್ಳಿಯೊಂದರ ಬದಲು ಇಡೀ ಹೋಬಳಿಯ ಕಡತಗಳನ್ನು ಅಪರಾತ್ರಿಯಲ್ಲಿ ಕೇಳಿದರೆ ದಾಖಲೆಪಾಲಕನಿಗೆ ಸಂಶಯ ಬರಬೇಕು. ಶೂನ್ಯ ವಿಶ್ವಾಸದ ವ್ಯವಸ್ಥೆಯಲ್ಲಿ ಯಂತ್ರಗಳೇ ಈ ಮೂರು ಕೆಲಸಗಳನ್ನೂ ಮಾಡುತ್ತವೆ. ಪ್ರತಿ ಸಲವೂ ಗುರುತು ಕೇಳುವುದು, ಅಗತ್ಯವಿದ್ದಷ್ಟೇ ಅಧಿಕಾರ ಕೊಡುವುದು, ನಡೆದುದನ್ನೆಲ್ಲ ದಿನಚರಿಯಲ್ಲಿ ಬರೆದಿಡುವುದು.

೨೦೨೧ನೆಯ ಮೇ ೧೨ರಂದು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆಜ್ಞೆಯು ಎಲ್ಲ ಕೇಂದ್ರ ಕಚೇರಿಗಳೂ ಈ ದಾರಿ ಹಿಡಿಯಬೇಕೆಂದಿತು. ೨೦೨೨ರ ಜನವರಿಯ ಸುತ್ತೋಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಾಮಾನ್ಯವಾಗಿ ಫೋನಿಗೆ ಬರುವ ಆರು ಅಂಕೆಗಳ ಸಂಖ್ಯೆಯನ್ನು ವಂಚಕನು ಸುಳ್ಳು ತಾಣವೊಂದರಲ್ಲಿ ಕೇಳಿ ಪಡೆದು, ಆ ಕ್ಷಣವೇ ನಿಜವಾದ ತಾಣದಲ್ಲಿ ಬಳಸಬಲ್ಲನು. ಆದುದರಿಂದ ಇಂತಹ ವಂಚನೆಗೆ ಬಗ್ಗದ ಗುರುತೇ ಬೇಕೆಂದು ಸುತ್ತೋಲೆ ವಿಧಿಸಿತು. ಹೊಸ ಬಗೆಯ ಕೀಲಿಗಳಲ್ಲಿ, ಪ್ರಶ್ನೆ ಕೇಳಿದ ತಾಣದ ಹೆಸರನ್ನೂ ಸೇರಿಸಿಯೇ ಉತ್ತರವನ್ನು ಲೆಕ್ಕಹಾಕಲಾಗುತ್ತದೆ. ಸುಳ್ಳು ತಾಣಕ್ಕೆ ಕೊಟ್ಟ ಉತ್ತರ ನಿಜವಾದ ತಾಣದಲ್ಲಿ ಸಲ್ಲುವುದಿಲ್ಲ.

ಕ್ಲೌಡ್ ಎಂದರೇನು?

ಕ್ಲೌಡ್ ಎಂಬ ಶಬ್ದಕ್ಕೆ ಮೋಡವೆಂದು ಅರ್ಥ. ಎಂಜಿನಿಯರುಗಳು ನಕಾಶೆ ಬರೆಯುವಾಗ, ಒಳವಿವರ ಬೇಕಿಲ್ಲದ ಜಾಲವನ್ನು ಮೋಡದ ಆಕಾರದಿಂದ ಸೂಚಿಸುತ್ತಿದ್ದರು. ಹೆಸರು ಅದರಿಂದ ಬಂದಿತು. ವಸ್ತುತಃ ಇದರಲ್ಲಿ ಆಕಾಶಕ್ಕೆ ಸೇರಿದುದೇನೂ ಇಲ್ಲ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾವಿರಗಟ್ಟಲೆ ಗಣಕಗಳನ್ನು ಜೋಡಿಸಿ, ಅವುಗಳ ಶಕ್ತಿಯನ್ನು ಬಾಡಿಗೆಗೆ ಕೊಡುವ ಏರ್ಪಾಡು ಇದು. ೨೦೧೧ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಇದಕ್ಕೆ ಐದು ಲಕ್ಷಣಗಳನ್ನು ಹೇಳಿತು. ಬೇಕಾದಾಗ ಬಳಸುವವನೇ ಪಡೆದುಕೊಳ್ಳಬಹುದು. ಜಾಲದ ಮೂಲಕ ಎಲ್ಲಿಂದಲಾದರೂ ಮುಟ್ಟಬಹುದು. ಒಂದೇ ಯಂತ್ರಸಮೂಹವನ್ನು ಹಲವರು ಹಂಚಿಕೊಳ್ಳುತ್ತಾರೆ. ಅಗತ್ಯಕ್ಕೆ ತಕ್ಕಂತೆ ಬೇಗನೆ ಹಿಗ್ಗುತ್ತದೆ, ಕುಗ್ಗುತ್ತದೆ. ಬಳಸಿದಷ್ಟನ್ನೂ ಅಳೆದು ಲೆಕ್ಕವಿಡಲಾಗುತ್ತದೆ.

ಪ್ರತಿಯೊಂದು ಮನೆಯೂ ತನ್ನದೇ ಜನರೇಟರನ್ನು ಇಟ್ಟುಕೊಳ್ಳುವುದಕ್ಕೂ, ತಂತಿಯ ಮೂಲಕ ವಿದ್ಯುತ್ತನ್ನು ಪಡೆದು ಮೀಟರಿನ ಪ್ರಕಾರ ಹಣ ಕೊಡುವುದಕ್ಕೂ ಇರುವ ಅಂತರ ಇಲ್ಲಿಯೂ ಇದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬರುವ ದಿನ ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಗಳಿಗೆಯಲ್ಲಿ ಒಂದೇ ತಾಣಕ್ಕೆ ನುಗ್ಗುತ್ತಾರೆ. ಮರುವಾರ ಅಲ್ಲಿ ಯಾರೂ ಇರುವುದಿಲ್ಲ. ಆ ಒಂದು ದಿನಕ್ಕಾಗಿ ವರ್ಷವಿಡೀ ನೂರಾರು ಯಂತ್ರಗಳನ್ನು ಕೊಂಡಿಡುವುದು ವ್ಯರ್ಥ. ಕ್ಲೌಡ್‌ನ ಲಾಭ ಇಲ್ಲಿ ಸ್ಪಷ್ಟವಾಗುತ್ತದೆ.

ಸುರಕ್ಷತೆಗೂ ಇದರಿಂದ ಸಹಾಯವುಂಟು. ದೋಷಗಳನ್ನು ಸರಿಪಡಿಸುವ ತಿದ್ದುಪಡಿಗಳು ಬೇಗ ತಲಪುತ್ತವೆ. ಕಡತದ ಪ್ರತಿಗಳನ್ನು ದೂರದೂರದ ಊರುಗಳಲ್ಲಿ ಇಡಬಹುದು. ಬಳಕೆಯಲ್ಲಿರುವ ಯಂತ್ರಗಳ ಪಟ್ಟಿ ಸುಲಭವಾಗಿ ಸಿಗುತ್ತದೆ. ೨೦೧೧ರ ಡಿಸೆಂಬರಿನಲ್ಲಿ ಅಮೆರಿಕ ಸರಕಾರ ಫೆಡ್‌ರಾಂಪ್ ಎಂಬ ಪರೀಕ್ಷಾಕ್ರಮವನ್ನು ಆರಂಭಿಸಿತು. ಒಂದು ಕ್ಲೌಡ್ ಸೇವೆಯನ್ನು ಒಮ್ಮೆ ಕಟ್ಟುನಿಟ್ಟಾಗಿ ಪರೀಕ್ಷಿಸಿದರೆ ಬೇರೆ ಕಚೇರಿಗಳು ಅದೇ ಫಲವನ್ನು ಬಳಸಿಕೊಳ್ಳಬಹುದೆಂಬುದು ಇದರ ಆಶಯ. ೨೦೧೭ರ ಡಿಸೆಂಬರಿನ ಶಾಸನವು, ಹಳೆಯ ವ್ಯವಸ್ಥೆಗಳನ್ನು ನವೀಕರಿಸಲು ಪ್ರತ್ಯೇಕ ನಿಧಿಯನ್ನೂ ಏರ್ಪಡಿಸಿತು.

ಹೊಸದಾಗಿಸುವುದು ಸುಲಭದ ಕೆಲಸವೆಂದು ಮಾತ್ರ ಭಾವಿಸಬಾರದು. ೨೦೧೯ರ ಅಕ್ಟೋಬರಿನಲ್ಲಿ ಆ ಅರ್ಜಿಗಳನ್ನು ಪರಿಶೀಲಿಸುವ ಹೊಣೆಯನ್ನು ಸಿಬ್ಬಂದಿ ಕಚೇರಿಯಿಂದ ತೆಗೆದು ರಕ್ಷಣಾ ಇಲಾಖೆಗೆ ವಹಿಸಲಾಯಿತು. ಹೊಸ ವ್ಯವಸ್ಥೆ ಆ ವರ್ಷವೇ ಸಿದ್ಧವಾಗಬೇಕಾಗಿತ್ತು. ೨೦೨೪ರಲ್ಲಿಯೂ ಅದು ಪೂರ್ಣವಾಗಿರಲಿಲ್ಲ. ಓಡುತ್ತಿರುವ ಬಂಡಿಯ ಗಾಲಿಯನ್ನು ಬದಲಿಸುವುದೆಂದರೆ ಹೀಗೆಯೇ.

ಮನೆ ಬದಲಾದರೂ ಹೊಣೆ ತಪ್ಪದು

ಹಾಗಾದರೆ ಕಡತಗಳನ್ನೆಲ್ಲ ಕ್ಲೌಡ್‌ಗೆ ಸಾಗಿಸಿದರೆ ಚಿಂತೆ ಮುಗಿಯಿತೆ? ೨೦೨೩ರ ಒಂದು ಘಟನೆ ಇದಕ್ಕೆ ಉತ್ತರ ಹೇಳುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆಯ ಅಂಚೆ ಮೈಕ್ರೋಸಾಫ್ಟ್ ಸಂಸ್ಥೆಯ ಕ್ಲೌಡ್‌ನಲ್ಲಿತ್ತು. ಗುರುತಿನ ಚೀಟಿಗಳಿಗೆ ಸಹಿಹಾಕಲು ಆ ಸಂಸ್ಥೆ ಬಳಸುವ ಗುಟ್ಟಿನ ಕೀಲಿಯೊಂದು ಕಳ್ಳರ ಕೈಸೇರಿತು. ಬಾಗಿಲಿನಲ್ಲಿ ಕೇಳುವ ಚೀಟಿಯನ್ನು ತಾವೇ ತಯಾರಿಸಿಕೊಂಡು ಅವರು ಒಳಹೊಕ್ಕರು. ವಿದೇಶಾಂಗ ಇಲಾಖೆಯೊಂದರಿಂದಲೇ ಸುಮಾರು ೬೦,೦೦೦ ಪತ್ರಗಳು ಕಳುವಾದುವು. ಇದನ್ನು ತಡೆಯಬಹುದಾಗಿತ್ತೆಂದು ಸರಕಾರದ ಪರಿಶೀಲನ ಮಂಡಲಿ ೨೦೨೪ರಲ್ಲಿ ತೀರ್ಮಾನಿಸಿತು.

ಈ ಕಳುವನ್ನು ಮೊದಲು ಕಂಡುಹಿಡಿದವರು ಯಾರು? ಸಂಸ್ಥೆಯಲ್ಲ, ವಿದೇಶಾಂಗ ಇಲಾಖೆಯ ಕಾವಲುಗಾರರೇ. ಯಾರು ಯಾವ ಪತ್ರವನ್ನು ತೆರೆದರೆಂಬುದನ್ನು ತೋರಿಸುವ ವಿವರವಾದ ದಿನಚರಿಗಾಗಿ ಇಲಾಖೆ ಹೆಚ್ಚು ಹಣ ಕೊಟ್ಟಿತ್ತು. ೨೦೨೩ರ ಜೂನ್ ನಡುವಿನಲ್ಲಿ ಆ ದಿನಚರಿಯನ್ನು ನೋಡುತ್ತಿದ್ದವರಿಗೆ ಅಸಹಜವಾದ ಸುಳಿವೊಂದು ಕಂಡಿತು. ಆ ಶುಲ್ಕವನ್ನು ಕೊಡದ ಗ್ರಾಹಕರಿಗೆ ಅಂತಹ ಸುಳಿವೇ ಸಿಗುತ್ತಿರಲಿಲ್ಲ. ಘಟನೆಯ ತರುವಾಯ ಸಂಸ್ಥೆ ಹೆಚ್ಚಿನ ದಿನಚರಿಗಳನ್ನು ಪ್ರತ್ಯೇಕ ಶುಲ್ಕವಿಲ್ಲದೆ ಕೊಡಲು ಒಪ್ಪಿತು.

ಎರಡು ಕಳುವುಗಳನ್ನೂ ಹೋಲಿಸಿ ನೋಡೋಣ. ೨೦೧೪ರ ಕಳ್ಳರು ಹಳೆಯ ಯಂತ್ರಗಳ ನಡುವೆ ಸುಮಾರು ಒಂದು ವರ್ಷ ಅಡಗಿದ್ದರು. ೨೦೨೩ರ ಕಳ್ಳರು ಹೊಸ ಕ್ಲೌಡ್‌ನಲ್ಲಿ ಕೆಲವೇ ವಾರಗಳಲ್ಲಿ ಸಿಕ್ಕಿಬಿದ್ದರು. ಕಳುವು ಎರಡೂ ಕಡೆ ನಡೆಯಿತು. ಅಂತರವನ್ನುಂಟುಮಾಡಿದುದು ಬರೆದಿಟ್ಟ ದಿನಚರಿ ಮತ್ತು ಅದನ್ನು ಓದುವ ಮನುಷ್ಯರು. ಕಟ್ಟಡ, ವಿದ್ಯುತ್ತು, ಯಂತ್ರ—ಇವುಗಳ ಹೊಣೆಯನ್ನು ಬಾಡಿಗೆಗೆ ಕೊಡುವವನು ಹೊರುತ್ತಾನೆ. ಯಾರಿಗೆ ಯಾವ ಕಡತವನ್ನು ತೋರಿಸಬೇಕು, ತೋರಿಸಿದುದನ್ನು ಯಾರು ಗಮನಿಸುತ್ತಿರಬೇಕು ಎಂಬ ಹೊಣೆ ಕಚೇರಿಯಲ್ಲಿಯೇ ಉಳಿಯುತ್ತದೆ. ಅದನ್ನು ಬಾಡಿಗೆಗೆ ಪಡೆಯಲಾಗದು.

ಈ ತತ್ತ್ವ ನಮಗೆ ಪರಕೀಯವಲ್ಲ. ೨೦೦೦ದ ಸುಮಾರಿಗೆ ಕರ್ನಾಟಕದ ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರವನ್ನೇರಿದಾಗ, ಅವುಗಳನ್ನು ತಿದ್ದುವ ನೌಕರನು ಬೆರಳಚ್ಚು ಕೊಟ್ಟು ಒಳಹೊಗಬೇಕೆಂಬ ಏರ್ಪಾಡನ್ನು ಮಾಡಲಾಯಿತು. 'ನಾನು ತಿದ್ದಲಿಲ್ಲ' ಎಂದು ಯಾರೂ ಆಮೇಲೆ ಜಾರಿಕೊಳ್ಳಬಾರದೆಂಬುದು ಅದರ ಉದ್ದೇಶ. ರೈತನ ಪಾಲಿಗೆ ಪಹಣಿಯ ಒಂದು ಸಾಲು ಎಂದರೆ ಅವನ ಹೊಲವೇ ಅಲ್ಲವೆ?

ವಿದ್ಯಾರ್ಥಿಗಳು ಕಾಗದ, ಪೆನ್ಸಿಲು ಹಿಡಿದು ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಮಾಡಿನೋಡಲಿ. ಈ ಸಲ ಕಾವಲಿನ ಯಂತ್ರ ಕೊಡುವ ಸಂಖ್ಯೆ ೫ ಆಗಿರಲಿ. ಕಾರ್ಡಿನ ಉತ್ತರ ೧೪ ಬರಬೇಕು. ಅದನ್ನು ಪರೀಕ್ಷಿಸಿದಾಗ ೫ ಹಿಂತಿರುಗಬೇಕು. ಲೆಕ್ಕ ಸರಿಹೋದಾಗ ಗಣಿತ ತನ್ನ ಪಾಲಿನ ಕೆಲಸವನ್ನು ಮಾಡಿಯಾಯಿತು. ಬಾಗಿಲಿನಲ್ಲಿ ಆ ಪ್ರಶ್ನೆಯನ್ನು ತಪ್ಪದೆ ಕೇಳುವ ಕೆಲಸ, ನಾಳೆ ಅದೇ ಕಚೇರಿಗಳಲ್ಲಿ ಕುಳಿತುಕೊಳ್ಳಲಿರುವ ಇಂದಿನ ವಿದ್ಯಾರ್ಥಿಗಳ ಪಾಲಿಗೆ ಉಳಿದಿದೆ.